ಕುಂಕುಮದ ಕೆಳಗಿನ ಕರಿ ಚುಕ್ಕಿ

ನೋಟಮನೆ, ನೆರಳೂರು
ಹದಿನಾಲ್ಕನೆಯ ತಿಂಗಳ ನಲವತ್ತೊಂದನೆಯ ದಿನ, ಮೂಡಣ ನೆರಳು

ಕೊಪ್ಪಳದ ಹಂಪವ್ವನವರಿಗೆ, ಇದನ್ನು ಓದಿ ಹೇಳುತ್ತಿರುವ ಅವರ ಸೊಸೆ ವನಜಾ ಅವರಿಗೆ, ರಿಮೋಟ್ ಹಿಡಿದು ಬಾಯಿ ತೆರೆದು ನಿಂತಿರುವ ಮಗ ಪಂಪಾಪತಿಯವರಿಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಅತ್ತ ನೀವು ಕ್ಷೇಮವೇ ಎಂದು ಕೇಳುವ ಮುಖವೂ ನನಗಿಲ್ಲ. ನೀವು ಹೇಗಿದ್ದೀರೆಂದು ನನಗೆ ಚೆನ್ನಾಗಿ ಗೊತ್ತು, ಹಾಗಿರುವುದಕ್ಕೆ ಕಾರಣ ನಾನೇ.

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನೀವು ಎಣಿಸುವ ರೀತಿಯಲ್ಲಿ ಹೇಳುವುದಾದರೆ, ನಿಮ್ಮಿಂದ ಸುಮಾರು ಏಳುನೂರು ವರ್ಷ ಆಚೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮ ಕಾಲದ ಕನ್ನಡದಲ್ಲಿ ಬರೆದರೆ ನಿಮಗೆ ಒಂದು ಸಾಲೂ ತಿಳಿಯದು. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಎರಡು ಕಡೆಯಿಂದ: ನಿಮ್ಮ ಪಡಸಾಲೆಯ ಮಾತಿನಿಂದ, ಮತ್ತು ನಿಮ್ಮ ಟಿವಿಯಲ್ಲಿ ಬರುವ ಧಾರಾವಾಹಿಗಳಿಂದ. ನಡುವೆ ಎಲ್ಲಾದರೂ ಯಾರೋ ಯಾರನ್ನೋ ಮನೆ ಬಿಟ್ಟು ಹೋಗೆಂದು ಗದರಿಸುವ ಧಾಟಿ ಬಂದರೆ ಅದು ಸಂಜೆಯ ಧಾರಾವಾಹಿಯದು, ನನ್ನದಲ್ಲ.

ಈ ಅಕ್ಷರಗಳು ನಿಮ್ಮ ಟಿವಿಯಲ್ಲಿ ಹೇಗೆ ಬಂದವೆಂದು ಪಂಪಾಪತಿಯವರು ಹಿಂದೆ ಮುಂದೆ ತಡಕಾಡುವ ಮೊದಲೇ ಹೇಳಿಬಿಡುತ್ತೇನೆ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕರಿ ಚುಕ್ಕಿ ಹೋಯಿತೇ ಎಂದು ನೋಡಲು ಅವರು ಟಿವಿಗೆ ಬರೀ ಬಿಳಿ ಬಣ್ಣ ಹಾಕುತ್ತಾರಲ್ಲ, ಆ ಬಿಳುಪಿನ ಮೇಲೆ ಬರೆಯುತ್ತಿದ್ದೇನೆ. ಸಾಲುಗಳು ಅವಸರದಲ್ಲಿ ಓಡುವುದಿಲ್ಲ. ವನಜಾ, ನೀವು ಅತ್ತೆಗೆ ಪೇಪರ್ ಓದಿ ಹೇಳುವಾಗ ಎಲ್ಲಿ ತಡೆಯುತ್ತೀರಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎಂಬುದೆಲ್ಲ ನನಗೆ ಗೊತ್ತು. ಅದೇ ಅಳತೆಯಲ್ಲಿ ಬಿಡುತ್ತೇನೆ. ಹಂಪವ್ವನವರು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಾರೆ. ದಯವಿಟ್ಟು ಅವರನ್ನು ಒಳಗೆ ಕರೆದು ಕೂರಿಸಿ, ಆಮೇಲೆ ಮುಂದೆ ಓದಿ.

ಮುಖ್ಯವಾದದ್ದನ್ನು ಮೊದಲು ಹೇಳುತ್ತೇನೆ. ಟಿವಿಯ ಬಲಗಡೆ ಮೇಲ್ಮೂಲೆಯಲ್ಲಿರುವ ಕರಿ ಚುಕ್ಕಿ ನಿಮ್ಮ ಬೆರಳಿನಿಂದ ಆದದ್ದಲ್ಲ, ಹಂಪವ್ವನವರೇ. ಕುಂಕುಮದಿಂದಲೂ ಅಲ್ಲ. ನಿಮ್ಮ ಹಣೆಬರಹದಿಂದಂತೂ ಅಲ್ಲವೇ ಅಲ್ಲ. ಅದು ಕಿಂಡಿ. ಅದನ್ನು ಕೊರೆದವಳು ನಾನು, ನನ್ನ ಹೆಸರು ಒರತೆ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ 'ಹಂಪವ್ವನವರೇ' ಎನ್ನುತ್ತಿದ್ದೇನೆ. ಓಣಿಯವರಿಗೆ ನೀವು ಹಂಪವ್ವಾರು, ಮಗನಿಗೆ ಅವ್ವ, ಸೊಸೆಗೆ ಅತ್ತಿ. ನಾನು ನಿಮಗೆ ಏನೂ ಆಗಬೇಕಾದವಳಲ್ಲ. ನಿಮ್ಮ ಬಳ್ಳಿಯ ಕುಡಿಯೇನಾದರೂ ಇರಬಹುದೇ ಎಂಬ ಆಸೆಯಿಂದ ಬಹಳ ವಿಚಾರಿಸಿದೆ, ಹಾಗೇನೂ ಇಲ್ಲ. ಇದ್ದಿದ್ದರೆ ಮರಿಮಗಳ ಮರಿಮಗಳು ಇಣುಕಿ ನೋಡಿದಳೆಂದು ನೀವು ನಕ್ಕು ಸುಮ್ಮನಾಗಬಹುದಿತ್ತು. ಯಾವ ಹಕ್ಕೂ ಇಲ್ಲದ ಪರರ ಮನೆಯವಳು ನಿಮ್ಮ ಪಡಸಾಲೆಯಲ್ಲಿ ಇಷ್ಟು ದಿನ ಕಣ್ಣಿಟ್ಟು ಕೂತಿದ್ದಳು ಎಂಬುದೇ ನಿಜ.

ನಾನು ಇರುವ ಜಾಗ ನಿಮಗೆ ಹೊಸದೇನಲ್ಲ. ನಿಮ್ಮ ಊರ ಕೋಟೆಯ ಬೆಟ್ಟ ಇನ್ನೂ ಇದೆ. ಉಳಿದದ್ದೆಲ್ಲ ಹೋಗಿದೆ. ಬಿಸಿಲು ಈಗ ಮನುಷ್ಯರು ನಿಲ್ಲುವಂಥದ್ದಲ್ಲ. ಆದ್ದರಿಂದ ನಾವು ಬೆಟ್ಟದ ನೆರಳಿನಲ್ಲಿ ಬದುಕುತ್ತೇವೆ, ಊರಿಗೆ ನೆರಳೂರು ಎಂದೇ ಹೆಸರು. ಬೆಳಿಗ್ಗೆ ನೆರಳು ಪಡುವಣಕ್ಕೆ ಬೀಳುತ್ತದೆ, ಮಧ್ಯಾಹ್ನ ಕಳೆದ ಮೇಲೆ ಮೂಡಣಕ್ಕೆ. ನಮ್ಮ ಮನೆಗಳಿಗೆಲ್ಲ ಕೆಳಗೆ ಉರುಳೆಗಳಿವೆ. ನಡುಹಗಲಿನಲ್ಲಿ ಊರಿಗೆ ಊರೇ ಹಗ್ಗ ಹಿಡಿದು ಮನೆಗಳನ್ನು ಬೆಟ್ಟದ ಸುತ್ತ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಜಾರುಹೊತ್ತು ಎನ್ನುತ್ತೇವೆ. ಒಲೆಯ ಮೇಲಿನ ಗಂಜಿ ಚೆಲ್ಲುವುದು, ಮುದುಕರು ಒಳಗಿನಿಂದಲೇ ನಿಧಾನ ನಿಧಾನ ಎಂದು ಕೂಗುವುದು, ತಂಪು ಜಾಗ ಯಾರಿಗೆ ಸಿಕ್ಕಿತೆಂದು ಜಗಳವಾಗುವುದು ದಿನನಿತ್ಯದ್ದು. ಬೆಳಗಿನ ನೆರೆಯವರೇ ಸಂಜೆಯ ನೆರೆಯವರಾಗಿರುವುದಿಲ್ಲವಾದ್ದರಿಂದ ಮನಸ್ತಾಪಗಳು ಬಹಳ ಹೊತ್ತು ಬಾಳುವುದಿಲ್ಲ. ಜೋಳ ಬೆಳೆಯುವುದಿಲ್ಲ. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು ಒಣಗಿಸಿ ಬೀಸಿದ ಹಿಟ್ಟೇ ಊಟ. ನೀವು ಅದನ್ನು ಮಸಾಲೆಗೆ ಚಿಟಿಕೆಯಷ್ಟು ಹಾಕುವುದನ್ನು ನೋಡಿ ನನಗೆ ನಗು ಬಂದಿತ್ತು.

ನಿಮ್ಮ ಕಾಲದವರು ಎಲ್ಲದರ ಚಿತ್ರ ತೆಗೆದಿಟ್ಟಿರಿ. ಹುಟ್ಟುಹಬ್ಬದ ಕೇಕು, ಸೀಮಂತದ ತಟ್ಟೆ, ಮಲಗಿದ ಬೆಕ್ಕು, ಒಂದನ್ನೂ ಬಿಡಲಿಲ್ಲ. ಆದರೆ ಇಟ್ಟದ್ದೆಲ್ಲ ಯಂತ್ರಗಳ ಹೊಟ್ಟೆಯಲ್ಲಿ. ಒಂದು ಬೇಸಿಗೆಯಲ್ಲಿ ಅದಷ್ಟೂ ಅಳಿಸಿಹೋಯಿತು. ನಾವು ಅದನ್ನು ದೊಡ್ಡ ಅಳಿಸು ಎನ್ನುತ್ತೇವೆ. ಉಳಿದದ್ದು ಕಲ್ಲಿನಲ್ಲಿ ಕೆತ್ತಿದ್ದು ಮಾತ್ರ. ಯಾವ ರಾಜ ಯಾರಿಗೆ ಯಾವ ಊರು ದಾನ ಕೊಟ್ಟ, ಯಾರ ಆನೆಯನ್ನು ಯಾರು ಹಿಡಿದರು ಎಂಬುದು ನಮಗೆ ಬಾಯಿಪಾಠ. ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆಯುವುದು ಹೇಗೆಂದು ಮಾತ್ರ ಯಾವ ರಾಜನೂ ಕೆತ್ತಿಸಿ ಹೋಗಿಲ್ಲ.

ನಗಬೇಡಿ, ನಮಗೆ ಅದು ಗೊತ್ತಿಲ್ಲ. ನಮ್ಮಲ್ಲಿ ಹುಟ್ಟಿದ ಕೂಸನ್ನು ಮಂಜುಗೂಡು ಎಂಬ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ನಾಲ್ಕೂ ಕಡೆಯಿಂದ ತಣ್ಣನೆಯ ಆವಿ ಬಂದು ಮೈ ತೊಳೆಯುತ್ತದೆ. ನೀರು ಉಳಿಯುತ್ತದೆ, ಕೂಸು ಶುದ್ಧವಾಗುತ್ತದೆ. ಮಲಗುವುದಿಲ್ಲ, ಅಷ್ಟೇ. ನೆರಳೂರಿನ ಕೂಸುಗಳು ಹಗಲಿಡೀ ಅಳುತ್ತವೆ. ಎಷ್ಟೋ ವರ್ಷ ತಲೆ ಕೆಡಿಸಿಕೊಂಡ ಮೇಲೆ ನಮ್ಮ ಹಿರಿಯರಿಗೆ ಹೊಳೆದದ್ದು ಇಷ್ಟು: ಆವಿಗೆ ಕೈಗಳಿಲ್ಲ. ಹಾಗಾದರೆ ಕೈಗಳು ಏನು ಮಾಡುತ್ತಿದ್ದವು? ಅದನ್ನು ತಿಳಿಯಲು ಹಿಂದಕ್ಕೆ ನೋಡಬೇಕಾಯಿತು. ಹಾಗೆ ಹಿಂದಕ್ಕೆ ನೋಡುವವರು ಕೆಲಸ ಮಾಡುವ ಜಾಗವೇ ನೋಟಮನೆ.

ಕಿಂಡಿ ಕೊರೆಯುವ ತಂತ್ರ ನನಗೆ ತಿಳಿಯದು, ಸಲಕರಣೆ ಕೊಡುತ್ತಾರೆ, ನಾವು ಕೂತು ನೋಡುತ್ತೇವೆ. ಗೊತ್ತಿರುವುದಿಷ್ಟು: ಪರದೆಯೊಂದು ಮೊಟ್ಟಮೊದಲ ಸಲ ಬೆಳಗುವಾಗ ಮಾತ್ರ ಅದರಲ್ಲಿ ಕಿಂಡಿ ಬೀಳುತ್ತದೆ, ಆದ್ದರಿಂದ ನಮಗೆ ಹೊಸ ಟಿವಿಯೇ ಬೇಕು. ಅಷ್ಟು ಜಾಗದ ಬೆಳಕನ್ನು ನಾವು ಈಚೆಗೆ ಎಳೆದುಕೊಳ್ಳುತ್ತೇವೆ, ನಿಮ್ಮ ಕಡೆ ಅಲ್ಲಿ ಕತ್ತಲೆ ಕಾಣುತ್ತದೆ. ನಿಮ್ಮ ಕಾಲದ ಟಿವಿಗಳಲ್ಲಿ ಕೆಟ್ಟ ಚುಕ್ಕಿಗಳೆಲ್ಲ ನಮ್ಮವೇ ಎನ್ನುತ್ತಿಲ್ಲ. ಬಹುಪಾಲು ತಯಾರಿಕೆಯಲ್ಲೇ ಆದ ತಪ್ಪುಗಳು. ಆ ಗುಂಪಿನಲ್ಲಿ ನಮ್ಮದೂ ಒಂದು ಸೇರಿಹೋಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕದ್ದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೇನು ಬೇಕು?

ನಿಮ್ಮ ಮನೆಯನ್ನು ಆರಿಸಿದ್ದು ಸುಮ್ಮನೆ ಅಲ್ಲ, ಹಂಪವ್ವನವರೇ. ನಿಮ್ಮ ಓಣಿಯ ಇನ್ನೊಂದು ಮನೆಯ ಕಿಂಡಿಯಿಂದ ಒಂದು ಮಾತು ಕೇಳಿಬಂದಿತ್ತು. ಅಲ್ಲೊಂದು ಕೂಸು ಎಡೆಬಿಡದೆ ಅಳುತ್ತಿತ್ತು, ಮನೆಯ ಹಿರಿಯ ಹೆಂಗಸು ಬೇಸತ್ತು ಹೇಳಿದರು: "ಹಂಪವ್ವಾರ್ನ ಕರಕೊಂಡ ಬರ್ರೆವ್ವಾ. ಆಕಿ ಕೈಲೆ ಎರೆಸಿದ್ರ ಕೂಸು ಹೊತ್ತ ಮುಳುಗೂತನಾ ಮಲಗತೈತಿ. ಆಕಿ ಕೈಗುಣ ಅಂಥಾದ್ದು." ನೋಟಮನೆಯಲ್ಲಿ ಎಲ್ಲರೂ ಎದ್ದು ನಿಂತೆವು. ನಿಮ್ಮ ಸೊಸೆಗೆ ದಿನ ತುಂಬುತ್ತ ಬಂದಿತ್ತು, ಅವರ ತಾಯಿ ಇಲ್ಲವಾದ್ದರಿಂದ ಬಾಣಂತನ ನಿಮ್ಮ ಮನೆಯಲ್ಲೇ. ಮೇಲಾಗಿ ನಿಮ್ಮಲ್ಲಿ ಹೊಸ ಟಿವಿ ಬರುವುದಿತ್ತು, ಪಡಸಾಲೆಯ ಗೋಡೆಯಿಂದ ನೋಡಿದರೆ ಬಚ್ಚಲ ಬಾಗಿಲು ನೇರ ಎದುರಿಗೆ. ಕೈಗುಣ ಎಂಬ ಮಾತು ನಮ್ಮಲ್ಲಿ ಇಲ್ಲ. ಅದನ್ನು ಕಂಡುಹಿಡಿದುಕೊಂಡು ಬಾ ಎಂದು ನನ್ನನ್ನು ಕೂರಿಸಿದರು. ನಾನು ಅದನ್ನು ಕಂಡುಹಿಡಿಯುವ ಮೊದಲು ಹಾಳುಮಾಡಿದೆ.

ಟಿವಿ ಬಂದ ದಿನ ನೆನಪಿದೆಯಲ್ಲ? ಗೋಡೆಗೆ ಹಾಕಿ, ವೈರು ಜೋಡಿಸಿ, ವನಜಾ ಪೂಜೆಯ ತಟ್ಟೆ ತಂದು ನಿಮ್ಮ ಕೈಗೆ ಕೊಟ್ಟರು. ನಿಮ್ಮ ಯಜಮಾನರು ತೀರಿಕೊಂಡ ಮೇಲೆ ನೀವು ಕುಂಕುಮದ ಬಟ್ಟಲಿಗೆ ಬೆರಳು ಹಾಕಿದವರಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದರ ಅರ್ಥ ಆಗುತ್ತಿರಲಿಲ್ಲ. "ನಾ ಬ್ಯಾಡವ್ವ, ನೀ ಹಚ್ಚು" ಎಂದಿರಿ. "ಮನ್ಯಾಗ ಹಿರೇರು ನೀವ ಅದೀರಿ ಅತ್ತಿ, ನೀವು ಹಚ್ಚಲಿಲ್ಲಂದ್ರ ನಾ ಟಿವಿನ ಹಚ್ಚೂದಿಲ್ಲ" ಎಂದು ವನಜಾ ಹಟ ಹಿಡಿದರು. ನೀವು ಉಂಗುರಬೆರಳಿನಲ್ಲಿ ಕುಂಕುಮ ತೆಗೆದು ಬಹಳ ಹೊತ್ತು ಹಾಗೇ ನಿಂತಿರಿ. ಹಳೆಯ ಟಿವಿಗೆ ದಪ್ಪ ಅಂಚಿತ್ತು, ಕುಂಕುಮ ಅಲ್ಲಿ ಕೂರುತ್ತಿತ್ತು. "ಇದಕ್ಕ ಅಂಚ ಇಲ್ಲಲ್ಲೋ ಪಂಪಾ, ಎಲ್ಲಿ ಹಚ್ಚಲಿ?" ಎಂದಿರಿ. ಅವರು ನಕ್ಕು, "ಎಲ್ಲ್ಯರ ಹಚ್ಚ ಬೇ, ಮೂಲ್ಯಾಗ" ಎಂದರು. ನೀವು ಬಲಗಡೆ ಮೇಲ್ಮೂಲೆಯಲ್ಲಿ ಗಾಜಿನ ಮೇಲೇ ಇಟ್ಟಿರಿ. ಅದೇ ಗಳಿಗೆಗೆ ಟಿವಿ ಬೆಳಗಿತು.

ನನ್ನ ಸಲಕರಣೆ ಎಡಗಡೆಯ ಕೆಳಮೂಲೆಗೆ ಗುರಿಯಿಟ್ಟು ಕಾಯುತ್ತಿತ್ತು. ಗುರಿಯಿಟ್ಟ ಮೇಲೆ, ಕೊರೆಯುವ ಮೊದಲೂ, ಪರದೆಯ ಎದುರಿನದು ಮಸುಕಾಗಿ ಕಂಡು ಕೇಳಿಸುತ್ತದೆ. ಕೊನೆಯ ಕ್ಷಣದಲ್ಲಿ ನನಗೆ ಜಾಣತನ ಬಂತು. ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರುವವರೆಗೆ ಬಿಡುತ್ತಾರೆ ಎಂದು ನಮ್ಮ ಪಾಠದಲ್ಲಿತ್ತು. ಅದರ ಹಿಂದೆ ಕೊರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಕೈಯನ್ನು ಅಲ್ಲಿಗೆ ಸರಿಸಿದೆ. ನಾಲ್ಕೈದು ದಿನ ನಿಮ್ಮ ಮನೆಯೆಲ್ಲ ನನಗೆ ತುಸು ಕೆಂಪಾಗಿ ಕಂಡಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು, ಪಕ್ಕದ ಕಿಂಡಿಯವಳಿಗೂ ಹೇಳಿಕೊಂಡು ಮೆರೆದೆ.

ಆಮೇಲೆ ವನಜಾ ಧೂಳು ಒರೆಸುವಾಗ ಒದ್ದೆ ಬಟ್ಟೆ ಅಲ್ಲಿಗೂ ಹೋಯಿತು. ಕೆಂಪು ಹೋಯಿತು, ಅದರ ಜಾಗದಲ್ಲಿ ಕಪ್ಪು ಉಳಿಯಿತು.

ಪಂಪಾಪತಿಯವರೇ, ನೀವು ಪಟ್ಟ ಪಾಡನ್ನು ನಾನು ಈಚೆ ಕಡೆಯಿಂದ ಅನುಭವಿಸಿದ್ದೇನೆ. ಮೊದಲು ಕನ್ನಡಕದ ಬಟ್ಟೆಯಿಂದ ಉಜ್ಜಿದಿರಿ. ಆಮೇಲೆ ಮೊಬೈಲಿನಲ್ಲಿ ನೋಡಿ ಬಿಳಿ, ಕರಿ, ಕೆಂಪು, ಹಸಿರು, ನೀಲಿ ಒಂದೊಂದೇ ಬಣ್ಣ ಹಾಕಿ, ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಿರಿ. ಯಾವ ಬಣ್ಣಕ್ಕೂ ಜಗ್ಗಲಿಲ್ಲವೆಂದಾಗ "ಇದು ಡೆಡ್ ಪಿಕ್ಸೆಲ್" ಎಂದು, ಅಂದರೆ ಸತ್ತ ಚುಕ್ಕಿಯೆಂದು, ತೀರ್ಪು ಕೊಟ್ಟಿರಿ. ನಿಮ್ಮ ಕಣ್ಣೂ ನನ್ನ ಕಣ್ಣೂ ಎದುರಾಬದುರಾಗಿ, ನಡುವೆ ಏಳುನೂರು ವರ್ಷ. ಆ ಭಾನುವಾರ ಬಣ್ಣಗಳು ಪಟಪಟನೆ ಬದಲಾಗುವ ವೀಡಿಯೊ ಹಾಕಿ ಹಗಲೆಲ್ಲ ಬಿಟ್ಟಿರಿ, ನನಗೆ ಎರಡು ದಿನ ಕಣ್ಣು ನೆಟ್ಟಗಾಗಲಿಲ್ಲ. ಮರುವಾರ ಪೆನ್ಸಿಲಿನ ರಬ್ಬರ್ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಒತ್ತಿದಿರಿ. ಆಗ ನಾನು ಕುರ್ಚಿ ಹಿಂದಕ್ಕೆ ಸರಿಸಿಕೊಂಡು ಕೂತೆ. ಇಷ್ಟರವರೆಗೆ ಇದೆಲ್ಲ ನಮಗೆ ಹಾಸ್ಯದ ಸಂಗತಿಯೇ ಆಗಿತ್ತು.

ಹಾಸ್ಯ ಮುಗಿದದ್ದು ರಿಪೇರಿಯವನು ಬಂದ ದಿನ. "ಒಂದ ಪಿಕ್ಸೆಲ್ ಹೋಗಿದ್ದಕ್ಕ ಟಿವಿ ಬದ್ಲಿ ಕೊಡಂಗಿಲ್ರಿ" ಎಂದ, ಆಮೇಲೆ ಬಗ್ಗಿ ನೋಡಿ, "ಇಲ್ಲಿ ಏನರ ಒತ್ತೀರೇನು?" ಎಂದು ಕೇಳಿದ. ಪಂಪಾಪತಿಯವರೇ, ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಾನೇ ಸಾಕ್ಷಿ. "ನಮ್ಮವ್ವ ಕುಂಕುಮ ಹಚ್ಚಿದ್ಲು ನೋಡ್ರಿ" ಎಂದಿರಿ. "ಹಂಗಂದ್ರ ಅದಕ್ಕ ಆಗೈತಿ ಬಿಡ್ರಿ" ಎಂದು ಅವನು ಚೀಲ ಕಟ್ಟಿದ. ಪಾಪ, ಅವನಿಗಾದರೂ ಏನು ಗೊತ್ತು? ನೀವು ನಗೆಯಾಡಲು, "ಅವ್ವನ ಬೆರಳಿನ ಗುರುತು ಕಂಪನಿಯವ್ರಿಂದಾನೂ ಅಳಸಾಕ ಆಗಲಿಲ್ಲ" ಎಂದಿರಿ. ಅಡುಗೆಮನೆಯ ಬಾಗಿಲಲ್ಲಿ ಹಂಪವ್ವನವರು ಅವನಿಗೆಂದು ತಂದ ಚಹಾ ಹಿಡಿದು ನಿಂತಿದ್ದರು. ನಿಮಗೆ ಬೆನ್ನಾಗಿತ್ತು, ನನಗೆ ಮುಖ ಕಾಣುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೂ ಅವರು ಮರೆಯುತ್ತಿದ್ದರೇನೋ. ಆ ವಾರವೇ ನಿಮ್ಮ ದೊಡ್ಡಪ್ಪನ ಹೆಂಡತಿ ನೀಲಕ್ಕನವರು ಬಂದರು. ಚುಕ್ಕಿಯನ್ನು ನೋಡಿದರು, ಕತೆ ಕೇಳಿದರು, ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಬಹಳ ಮೆತ್ತಗೆ ಹೇಳಿದರು: "ಇಂಥಾದ್ದಕ್ಕ ಮುತ್ತೈದೇರ ಕೈ ಬೇಕಾಗತೈತವ್ವ. ಸುಮ್ಮನ ಅಂದಿಲ್ಲ ಹಿರೇರು." ವನಜಾ, ನೀವು ಅವರೊಡನೆ ಜಗಳವಾಡಿದಿರಿ. ಅತ್ತೆಯ ಪರವಾಗಿ ಯಾವ ಸೊಸೆಯೂ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಧಾರಾವಾಹಿಯಲ್ಲೂ ಕೇಳಿಲ್ಲ. ಆದರೆ ಹಂಪವ್ವನವರು ಅದಾಗಲೇ ಎದ್ದು ಒಳಗೆ ಹೋಗಿ ಕುಂಕುಮದ ಬಟ್ಟಲನ್ನು ಗೋಡೆಯ ಮೇಲಿನ ಗೂಡಿನಲ್ಲಿ, ತಮ್ಮ ಕೈಗೆ ಎಟುಕದಷ್ಟು ಎತ್ತರದಲ್ಲಿ, ಸ್ಟೂಲು ಹಾಕಿಕೊಂಡು ಇಟ್ಟುಬಿಟ್ಟಿದ್ದರು.

ನೀಲಕ್ಕನವರಿಗೆ ನನ್ನ ಉತ್ತರ ಇದು. ಆ ದಿನ ಕುಂಕುಮ ಇಟ್ಟವರು ನೀವಾಗಿದ್ದರೂ, ವನಜಾ ಆಗಿದ್ದರೂ, ಓಣಿಯ ಮುತ್ತೈದೆಯರೆಲ್ಲ ಸಾಲಾಗಿ ಬಂದು ಇಟ್ಟಿದ್ದರೂ ನಾನು ಅದರ ಹಿಂದೆಯೇ ಕೊರೆಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಮರೆ, ಬೆರಳು ಯಾರದಾದರೂ ಆಗುತ್ತಿತ್ತು. ಕುಂಕುಮ ಎಡಮೂಲೆಯಲ್ಲಿ ಬಿದ್ದಿದ್ದರೆ ಚುಕ್ಕಿಯೂ ಎಡಮೂಲೆಗೆ ಹೋಗುತ್ತಿತ್ತು.

ಕೂಸು ಹುಟ್ಟಿತು. ಹೆಣ್ಣು, ತಲೆ ತುಂಬ ಕೂದಲು. ನೋಟಮನೆಯಲ್ಲಿ ಎಲ್ಲರೂ ನನ್ನ ಬೆನ್ನ ಹಿಂದೆ ಬಂದು ನಿಂತು, ಇನ್ನೇನು ಹಂಪವ್ವನವರು ಕಾಲು ಚಾಚಿ ಕೂರುತ್ತಾರೆ, ಇನ್ನೇನು ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾರೆ ಎಂದು ಕಾದೆವು. ಹಂಪವ್ವನವರು ಆಚೆ ಓಣಿಯ ಕಾಳವ್ವನನ್ನು ಎರೆಯಲು ಕರೆಸಿದರು. ತಾವು ಬಚ್ಚಲ ಹೊರಗೆ, ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತರು. ಕಾಳವ್ವ ಒಳ್ಳೆಯವಳೇ, ಕೈ ಮಾತ್ರ ಒರಟು. ಕೂಸು ಕಿರುಚಿದಾಗೆಲ್ಲ ಸೆರಗಿನೊಳಗಿನ ಆ ಕೈಗಳು ತಾವಾಗಿಯೇ ಅಲುಗುತ್ತಿದ್ದವು.

"ಅತ್ತಿ, ನಮ್ಮವ್ವ ಇದ್ದಿದ್ರ ಹಿಂಗ ದೂರ ನಿಂದರತಿದ್ಲೇನು?" ಎಂದು ವನಜಾ ಅತ್ತರು. ನೀವು ಕೊಟ್ಟ ಉತ್ತರ, ಹಂಪವ್ವನವರೇ, ನನಗೆ ಊಟ ಸೇರದ ಹಾಗೆ ಮಾಡಿದೆ. "ಒಂದ ಕಾಜಿನ ಮ್ಯಾಲೆ ಬೆರಳ ಇಟ್ಟಿದ್ದಕ್ಕ ಹಂಗಾತು. ಕೂಸಿನ ಮೈ ಕಾಜಿಗಿಂತ ಮೆತ್ತಗಿರತೈತವ್ವ. ನನ್ನ ಕೈಗುಣ ಮುಗೀತು, ನನ್ನ ಕೇಳಬ್ಯಾಡ." ತೊಟ್ಟಿಲಿಗೆ ಹಾಕುವ ದಿನ ಕೂಸನ್ನು ಮೊದಲು ಎತ್ತಿ ಹಾಕುವವರು ನೀವೇ ಆಗಬೇಕು, ಕಿವಿಯಲ್ಲಿ ಹೆಸರು ಹೇಳುವವರೂ ನೀವೇ ಎಂದು ಮಗ ಸೊಸೆ ಇಬ್ಬರೂ ಕೇಳಿಕೊಂಡಾಗ, ಆ ದಿನ ನಾನು ಊರಲ್ಲೇ ಇರುವುದಿಲ್ಲ, ಬನ್ನಿಕೊಪ್ಪದ ತಂಗಿಯ ಮನೆಗೆ ಹೋಗುತ್ತೇನೆ ಎಂದಿರಿ. ಚೀಲವನ್ನೂ ಕಟ್ಟಿಟ್ಟಿದ್ದೀರಿ. ಅದು ಕಪಾಟಿನ ಪಕ್ಕದಲ್ಲಿದೆ, ಇಲ್ಲಿಂದ ಕಾಣುತ್ತಿದೆ.

ಇನ್ನು ಬರೆಯಬೇಕಾದದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ನೀವು ಯಾರಿಗೂ ಕಾಣಬಾರದೆಂದು ಮಾಡಿದ್ದನ್ನು ಎಲ್ಲರ ಮುಂದೆ ಹೇಳುತ್ತಿದ್ದೇನೆ, ಇದೂ ನನ್ನ ತಪ್ಪುಗಳ ಜೊತೆಗೆ ಸೇರಲಿ. ಆದರೆ ಇದನ್ನು ಹೇಳದಿದ್ದರೆ ನಾನು ನಿಜವಾಗಿಯೂ ನೋಡುತ್ತಿದ್ದೆನೆಂದು ನೀವು ನಂಬುವುದಿಲ್ಲ. ಮೊನ್ನೆ ಮಧ್ಯಾಹ್ನ ವನಜಾ ಕೂಸನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದರು, ಪಂಪಾಪತಿ ಅಂಗಡಿಯಲ್ಲಿದ್ದರು. ನೀವು ಬಾಗಿಲ ಚಿಲಕ ಹಾಕಿಕೊಂಡಿರಿ. ಹಳೆಯ ಕೌದಿಯೊಂದನ್ನು ಸುತ್ತಿ, ಸುತ್ತಿ, ಕೂಸಿನ ಉದ್ದಕ್ಕೆ ಮಾಡಿದಿರಿ. ಗೋಡೆಗೆ ಒರಗಿ, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಕಾಲು ಚಾಚಿ, ಎರಡು ಕಾಲುಗಳ ನಡುವಿನ ಓಣಿಯಲ್ಲಿ ಅದನ್ನು ಮಲಗಿಸಿಕೊಂಡಿರಿ. ಇಲ್ಲದ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿದಿರಿ. ಎದೆಯಿಂದ ಹೊರಕ್ಕೆ, ಭುಜದಿಂದ ಕೆಳಕ್ಕೆ, ಇಲ್ಲದ ಬಲಗೈಯನ್ನು ಎಡಗಾಲಿಗೆ ತಾಗಿಸಿ, ಮತ್ತೆ ಎಡಗೈಯನ್ನು ಬಲಗಾಲಿಗೆ. ಆಮೇಲೆ ಬೋರಲು ಹಾಕಿ ಬೆನ್ನು. ನೀರು ಹೊಯ್ಯುವಾಗ ಅಂಗೈಯನ್ನು ಹಣೆಗೆ ಅಡ್ಡ ಹಿಡಿದಿರಿ, ಕಣ್ಣಿಗೆ ನೀರು ಹೋಗಬಾರದೆಂದು. ಬಾಯಲ್ಲಿ ಏನೋ ಗುನು ಗುನು ಎನ್ನುತ್ತಿದ್ದಿರಿ. ಎಲ್ಲ ಮುಗಿದ ಮೇಲೆ ಕೌದಿಯ ತಲೆಯ ಕಡೆಗೆ ಬೆರಳು ತಂದು, ದೃಷ್ಟಿಬೊಟ್ಟು ಇಡುವ ಜಾಗಕ್ಕೆ ಬಂದು, ತಡೆದಿರಿ. ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಅತ್ತಿರಿ.

ನನ್ನ ಹಿಂದೆ ನಿಂತವರು ಕುಣಿದರು. ನಿಜವಾಗಿಯೂ ಕುಣಿದರು, ಹಂಪವ್ವನವರೇ. ನೂರಾರು ವರ್ಷ ತಪ್ಪಿಹೋಗಿದ್ದ ವಿದ್ಯೆ ಸಿಕ್ಕಿತು, ಆವಿಗಿಲ್ಲದ ಕೈಗಳು ಏನು ಮಾಡುತ್ತಿದ್ದವೆಂದು ತಿಳಿಯಿತು. ನನಗೆ ಹೂ ಕೊಟ್ಟರು, ನಾಳೆಯಿಂದ ತಂಪು ಜಾಗದಲ್ಲಿ ಮನೆ ಎಂದರು. ನನ್ನ ಮಗಳಿಗೆ ಈಗ ದಿನ ತುಂಬಿದೆ, ಅವಳ ಕೂಸು ಇನ್ನು ಅಳದೆ ಮಲಗುತ್ತದೆ ಎಂದು ಅಕ್ಕಪಕ್ಕದವರು ಹರಸಿದರು. ನಾನು ಆ ಹೂ ಹಿಡಿದುಕೊಂಡು ಕಿಂಡಿಯಲ್ಲಿ ನೋಡಿದೆ. ನೀವು ಕೌದಿ ಬಿಚ್ಚಿ ಮಡಿಸಿ, ಹಾಸಿಗೆಯ ಗಂಟಿನ ಕೆಳಗೆ ಇಡುತ್ತಿದ್ದಿರಿ. ನಮಗೆ ಸಿಕ್ಕಿದ್ದು ನಿಮ್ಮ ಕೂಸಿಗೆ ಸಿಗಬೇಕಾಗಿದ್ದದ್ದು. ನಾವು ಅದನ್ನು ಕಸಿದುಕೊಂಡು, ಅದಕ್ಕೆ ಹೂವನ್ನೂ ಮುಡಿದುಕೊಂಡೆವು.

ಕಿಂಡಿಯಿಂದ ಏನನ್ನೂ ಆಚೆಗೆ ಕಳಿಸಕೂಡದೆಂಬುದು ನೋಟಮನೆಯ ಮೊದಲ ಕಟ್ಟಳೆ. ಬೆಳಕು ನಿಮ್ಮಿಂದ ನಮಗೆ ಬರಬೇಕು, ಅದನ್ನು ತಿರುಗಿಸಿದರೆ ಕಿಂಡಿ ತುಂಬಿಕೊಂಡು ಮುಚ್ಚಿಹೋಗುತ್ತದೆ, ಅಲ್ಲಿ ಮತ್ತೆಂದೂ ಕೊರೆಯಲಾಗದು. ನಾಳೆ ತೊಟ್ಟಿಲ ದಿನ. ಬೆಳಗಿನ ಬಸ್ಸಿಗೆ ಹೊರಡುವುದೆಂದು ನೀವು ಹೇಳಿದ್ದು ಕೇಳಿಸಿತು. ನಮ್ಮಲ್ಲಿ ಈಗ ಜಾರುಹೊತ್ತು ಕಳೆದು ಎಲ್ಲರೂ ದಣಿದು ಮಲಗಿದ್ದಾರೆ, ನಾನೊಬ್ಬಳೇ ಕೂತು ಬೆಳಕನ್ನು ತಿರುಗಿಸಿದ್ದೇನೆ. ಈ ಓಲೆಯ ಒಂದೊಂದು ಸಾಲು ಹೋದಂತೆ ನನಗೆ ನಿಮ್ಮ ಪಡಸಾಲೆ ಅಂಚಿನಿಂದ ಮಸುಕಾಗುತ್ತ ಬರುತ್ತಿದೆ. ಕಪಾಟು ಹೋಯಿತು, ಈಗ ತೊಟ್ಟಿಲು ಅರ್ಧ ಕಾಣುತ್ತದೆ. ಗೊತ್ತಾದರೆ ನನ್ನನ್ನು ನೋಟಮನೆಯಿಂದ ತೆಗೆದು ಬರೀ ಹಗ್ಗ ಎಳೆಯಲು ಹಾಕುತ್ತಾರೆ. ಹಾಕಲಿ, ತೋಳು ಗಟ್ಟಿಯಾಗುತ್ತದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕ್ಷಮಿಸಿದರೂ ನನಗೆ ತಿಳಿಯುವ ದಾರಿಯಿಲ್ಲ. ಎರಡು ಮಾತು ಮಾತ್ರ ನಡೆಸಿಕೊಡಿ.

ಪಂಪಾಪತಿಯವರೇ, ಈ ಅಕ್ಷರಗಳು ನಿಂತ ಮೇಲೆ ಮತ್ತೆ ಬಿಳಿ ಹಾಕಿ. ಕರಿ, ಕೆಂಪು, ಹಸಿರು, ನೀಲಿ ಎಲ್ಲ ಹಾಕಿ ನೋಡಿ. ಚುಕ್ಕಿ ಇರುವುದಿಲ್ಲ. ಹಾಗೆ ನೋಡುವಾಗ ಮೂಗು ತಾಗುವಷ್ಟು ಹತ್ತಿರ ನಿಮ್ಮ ಅವ್ವನನ್ನು ನಿಲ್ಲಿಸಿಕೊಳ್ಳಿ. ಆಮೇಲೆ ಮೇಲಿನ ಗೂಡಿನಿಂದ ಆ ಬಟ್ಟಲನ್ನು ಇಳಿಸಿಕೊಡಿ, ಅವರಿಗೆ ಎಟುಕುವುದಿಲ್ಲ.

ಹಂಪವ್ವನವರೇ, ಅದೇ ಉಂಗುರಬೆರಳು, ಅದೇ ಕುಂಕುಮ, ಅದೇ ಬಲಗಡೆಯ ಮೇಲ್ಮೂಲೆ. ಗಟ್ಟಿಯಾಗಿ ಒತ್ತಿ ಇಡಿ, ಹೆದರಬೇಡಿ. ಬೆಳಗಿನವರೆಗೆ ಬಿಟ್ಟು, ಬೆಳಿಗ್ಗೆ ನೀವೇ ಒರೆಸಿ ನೋಡಿ. ಕೆಳಗೆ ಬರೀ ಬೆಳಕಿರುತ್ತದೆ. ಅದನ್ನು ಕಂಡಮೇಲೂ ಬಸ್ಸಿಗೆ ಹೋಗಬೇಕೆನಿಸಿದರೆ ಹೋಗಿ, ನಿಮ್ಮನ್ನು ತಡೆಯಲು ನಾನ್ಯಾರು? ಆದರೆ ಹೋಗುವ ಮೊದಲು ಒಂದು ಸಲ ಕಾಳವ್ವನ ಕೈಯಿಂದ ಕೂಸನ್ನು ತೆಗೆದುಕೊಳ್ಳಿ. ನಿಮ್ಮ ಕೈಗುಣ ಎಲ್ಲೂ ಹೋಗಿಲ್ಲ. ಕೌದಿಯನ್ನು ಮಲಗಿಸಿದ್ದನ್ನು ನೋಡಿದವಳು ಹೇಳುತ್ತಿದ್ದೇನೆ.

ನನ್ನ ಮಗಳ ಕೂಸಿಗೆ ನಾನೇ ಎರೆಯುತ್ತೇನೆ. ಕೈ ಹೇಗೆ ಹೋಗಬೇಕೆಂದು ನಿಮ್ಮಿಂದ ಕಲಿತೆ, ಗುನುಗಿದ್ದು ಏನೆಂದು ಮಾತ್ರ ಕೇಳಿಸಲಿಲ್ಲ. ಅದು ನಿಮ್ಮ ಹತ್ತಿರವೇ ಇರಲಿ. ಅದನ್ನೂ ಕದ್ದಿದ್ದರೆ ನನಗೆ ಮುಖ ಇರುತ್ತಿರಲಿಲ್ಲ.

ಈಗ ನನಗೆ ತೊಟ್ಟಿಲು ಕಾಣುವುದಿಲ್ಲ, ಬಚ್ಚಲ ಬಾಗಿಲೊಂದೇ ಇದೆ. ಕೂಸಿಗೆ ಎರೆಯುವಾಗ ನೀರೊಲೆಯ ಹೊಗೆ ಹೋಗಲೆಂದು ನೀವು ಅದನ್ನು ತೆರೆದಿಡುವ ರೂಢಿ. ನಾಳೆಯೂ ತೆರೆದೇ ಇಡಿ. ಇನ್ನು ಯಾರೂ ನೋಡುತ್ತಿರುವುದಿಲ್ಲ.

ಇಂತಿ,
ಒರತೆ